ಗೊತ್ತಿಲ್ಲದಿದ್ದರೆ ಕೆಂಪು

ಆಟಿಕೆ ರೈಲು ಓಡಿಸಲು ಒಂದು ಟ್ರಾನ್ಸ್‌ಫಾರ್ಮರ್, ಎರಡು ತಂತಿ ಸಾಕು. ಗುಂಡಿ ತಿರುವಿದರೆ ಓಡುತ್ತದೆ, ಹಿಂದಕ್ಕೆ ತಿರುವಿದರೆ ನಿಲ್ಲುತ್ತದೆ. ಅದೇ ಹಳಿಯ ಮೇಲೆ ಎರಡನೆಯ ರೈಲನ್ನು ಇಟ್ಟ ಗಳಿಗೆಯಿಂದ ಲೆಕ್ಕ ಶುರು. ಮೊದಲನೆಯದು ಈಗ ಎಲ್ಲಿದೆ? ಎರಡನೆಯದನ್ನು ಬಿಡಬಹುದೆ? ಬಿಟ್ಟರೆ ಎಲ್ಲಿ ತಡೆಯಬೇಕು? ಬೆಂಗಳೂರಿನ ಯಡಿಯೂರಿನಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ವರ್ಷಗಟ್ಟಲೆ ಕಟ್ಟಿದ್ದು ಈ ಲೆಕ್ಕವನ್ನೇ. ನೋಡಲು ಬಂದವರು ಎಂಜಿನ್ನು, ಬೋಗಿ, ಸುರಂಗ, ನಿಲ್ದಾಣ ನೋಡಿ ಖುಷಿಪಟ್ಟು ಹೋಗುತ್ತಾರೆ. ನಮ್ಮಪ್ಪ ಮಾತ್ರ ರೈಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವರ ಕಣ್ಣು ಖಾಲಿ ಹಳಿಯ ಮೇಲಿರುತ್ತಿತ್ತು.

ಅಪ್ಪ ಬೆಂಗಳೂರು–ಮೈಸೂರು ಮಾರ್ಗದಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. 1882ರಲ್ಲಿ ಮೈಸೂರು ಮುಟ್ಟಿದ ಆ ಹಳಿ ಅವರ ಕಾಲದಲ್ಲೂ ಮೀಟರ್‌ಗೇಜ್ ಆಗಿಯೇ ಇತ್ತು. ಹೋಗುವುದಕ್ಕೂ ಬರುವುದಕ್ಕೂ ಒಂದೇ ಜೋಡಿ ಕಂಬಿ. ಎದುರುಬದುರು ಬರುವ ರೈಲುಗಳು ನಿಲ್ದಾಣದಲ್ಲಿ ಮಾತ್ರ ಒಂದನ್ನೊಂದು ದಾಟಬೇಕು. ಈ ಶಿಸ್ತನ್ನು ಕಾಯುತ್ತಿದ್ದದ್ದು ಅವರ ಕೋಣೆಯಲ್ಲಿದ್ದ ಬಾಲ್ ಟೋಕನ್ ಯಂತ್ರ. ಪಕ್ಕದ ನಿಲ್ದಾಣದಲ್ಲಿ ಅದರ ಜೋಡಿ ಯಂತ್ರ. ಎರಡರ ನಡುವೆ ತಂತಿ. ಒಳಗೆ ಉಕ್ಕಿನ ಚೆಂಡುಗಳು. ಈ ಎರಡು ಯಂತ್ರಗಳಿಂದ ಒಟ್ಟಿಗೆ ಒಂದೇ ಚೆಂಡು ಹೊರಬರಬಹುದು. ಅದು ಎರಡರಲ್ಲಿ ಯಾವುದಾದರೊಂದಕ್ಕೆ ಮರಳಿ ಬೀಳುವವರೆಗೆ ಇನ್ನೊಂದು ಬಾರದು. ಗಂಟೆ ಬಾರಿಸಿ 'ಲೈನ್ ಕ್ಲಿಯರ್' ಕೇಳುವುದು, ಆ ಕಡೆಯವರು ಕೊಡುವುದು, ಚೆಂಡನ್ನು ಚರ್ಮದ ಚೀಲಕ್ಕೆ ಹಾಕಿ ಬೆತ್ತದ ಬಳೆಗೆ ಸಿಕ್ಕಿಸಿ ಡ್ರೈವರ್ ಕೈಗೆ ಎತ್ತಿ ಹಿಡಿಯುವುದು. ಚೆಂಡು ಕೈಯಲ್ಲಿಲ್ಲದ ಡ್ರೈವರ್‌ಗೆ ಮುಂದಿನ ನಿಲ್ದಾಣದವರೆಗಿನ ಹಳಿಗೆ, ಎಂದರೆ ಬ್ಲಾಕ್ ಸೆಕ್ಷನ್‌ಗೆ ಹೋಗುವ ಹಕ್ಕಿಲ್ಲ.

ಹುಡುಗರಾದ ನಮಗೆ ಕೈಮರ ಬಿತ್ತೆಂದರೆ ರೈಲು ಬಂತೆಂಬ ಸಂಭ್ರಮ. ಅಪ್ಪನಿಗೆ ಅದು ಕೆಲಸದ ಕೊನೆಯ ಹಂತ. ಅದಕ್ಕೆ ಮೊದಲು ಅವರು ರಿಜಿಸ್ಟರಿನಲ್ಲಿ ವೇಳೆ ಬರೆದು, ಫೋನಿನಲ್ಲಿ ಪ್ರೈವೇಟ್ ನಂಬರ್ ಕೊಟ್ಟು ತೆಗೆದುಕೊಂಡು, ಪಾಯಿಂಟ್ಸ್‌ಮನ್ ಬಂದು ಹೇಳುವುದನ್ನು ಕೇಳಿ ಮುಗಿಸಿರುತ್ತಿದ್ದರು. ಪ್ರೈವೇಟ್ ನಂಬರೆಂದರೆ ಗುಟ್ಟಾದ ಒಂದು ಅಂಕಿ. ಬಾಯಿಮಾತಿನಲ್ಲಿ "ಹೂಂ, ಆಯ್ತು" ಎಂದರೆ ನಡೆಯುವುದಿಲ್ಲ. ಪಟ್ಟಿಯಲ್ಲಿರುವ ಅಂಕಿ ಹೇಳಿ, ಹೇಳಿದ್ದನ್ನು ಹೊಡೆದುಹಾಕಿ, ಆ ಕಡೆಯವರು ಬರೆದುಕೊಂಡರೇ ಅದು ಮಾತು. ಆ ವಯಸ್ಸಿನಲ್ಲಿ ನನಗೆ ಇದೆಲ್ಲ ಸರ್ಕಾರಿ ಕಟ್ಟಳೆಯಂತೆ ಕಂಡಿತ್ತು.

ಮನೆಗೆ ಮೊದಲ ಆಟಿಕೆ ರೈಲು ತಂದವರು ಸೋದರಮಾವ. ಅವರು ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿದ್ದರು. ತರಬೇತಿಗೆಂದು ಸ್ಟುಟ್‌ಗಾರ್ಟ್‌ಗೆ ಹೋದವರು ಮರಳುವಾಗ ಮೆರ್ಕ್ಲಿನ್ ಕಂಪನಿಯ ಒಂದು ಸೆಟ್ ತಂದರು. ಮೆರ್ಕ್ಲಿನ್ ಊರು ಗ್ಯೋಪಿಂಗನ್, ಸ್ಟುಟ್‌ಗಾರ್ಟ್‌ಗೆ ಹತ್ತಿರ. ನಮ್ಮಮ್ಮ ಅದನ್ನು ನವರಾತ್ರಿಯ ಗೊಂಬೆಗಳ ಜೊತೆ ಸೇರಿಸಿಬಿಟ್ಟರು. ಪಟ್ಟದ ಗೊಂಬೆಗಳ ಮೆಟ್ಟಿಲ ಕೆಳಗೆ, ರಾಗಿ ಮೊಳಕೆಯ ಹೊಲದ ನಡುವೆ ಜರ್ಮನ್ ರೈಲು ಸುತ್ತುತ್ತಿತ್ತು. ಬೊಂಬೆ ಬಾಗಿನಕ್ಕೆ ಬಂದ ಬೀದಿಯ ಮಕ್ಕಳೆಲ್ಲ ರೈಲಿನ ಮುಂದೆ ಕೂತು ಏಳುತ್ತಲೇ ಇರಲಿಲ್ಲ.

ಆ ಪೆಟ್ಟಿಗೆಯಲ್ಲಿ ವಿಶೇಷವಾದ ಒಂದೆರಡು ಹಳಿತುಂಡುಗಳಿದ್ದವು. ಅವುಗಳ ಒಂದು ಕಂಬಿಯನ್ನು ವಿದ್ಯುತ್ತಿನ ಮಟ್ಟಿಗೆ ಬೇರೆ ಮಾಡಿರುತ್ತಾರೆ. ಮೆರ್ಕ್ಲಿನ್ ಪದ್ಧತಿಯಲ್ಲಿ ವಿದ್ಯುತ್ತು ಬರುವುದು ನಡುವಿನ ಸಾಲಿನಿಂದ, ಚಕ್ರಗಳು ಅಚ್ಚಿನ ಮೂಲಕ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಹಾಗಾಗಿ ಯಾವ ಬೋಗಿ ಆ ತುಂಡಿನ ಮೇಲೆ ಬಂದರೂ ಎರಡು ಕಂಬಿಗಳು ಸೇರಿ ದೀಪ ಹತ್ತುತ್ತದೆ. ಅಪ್ಪ ಅದನ್ನು ನೋಡಿ, "ಟ್ರ್ಯಾಕ್ ಸರ್ಕ್ಯೂಟ್ ಕಣೋ ಇದು!" ಎಂದರು. ನನ್ನ ಹುಚ್ಚಿಗೆ ಬೀಜ ಬಿದ್ದದ್ದು ಅಲ್ಲಿ.

ಮುಂದೆ ಎಂಜಿನಿಯರಿಂಗ್ ಓದಿ, ಕೆಲಸಕ್ಕೆ ಸೇರಿ, ಅಪ್ಪನ ನಿವೃತ್ತಿಯ ನಂತರ ಎಲ್ಲರೂ ಯಡಿಯೂರಿನ ಮನೆಯಲ್ಲಿ ನೆಲೆನಿಂತ ಮೇಲೆ ಮಹಡಿಯಲ್ಲಿ ಪ್ಲೈವುಡ್ ಹಾಸಿದೆ. ಬಿಡದಿ, ರಾಮನಗರ, ಚನ್ನಪಟ್ಟಣ ಎಂದು ಮೂರು ನಿಲ್ದಾಣ. ಹಳಿ ಎಚ್‌ಒ ಅಳತೆಯದು, ಎಂದರೆ ನಿಜದ 87ರಲ್ಲಿ ಒಂದು ಪಾಲು. ಅದರ ಎರಡು ಕಂಬಿಗಳ ನಡುವಣ ಅಂತರ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19.3 ಬರಬೇಕು. ಮೀಟರ್‌ಗೇಜ್ ಆದರೆ 11.5. ಎರಡೂ ಹೊಂದುವುದಿಲ್ಲ, ಏಕೆಂದರೆ 16.5 ಎಂಬುದು ಯುರೋಪ್–ಅಮೆರಿಕದ 1435 ಮಿಲಿಮೀಟರಿನ ಗೇಜಿಗೆ ಕತ್ತರಿಸಿದ ಅಳತೆ. ಬೆಂಗಳೂರಿನಲ್ಲಿ ಆ ಅಳತೆಗೆ ಸರಿಯಾಗಿ ಕೂರುವುದು ನಮ್ಮ ಮೆಟ್ರೋ ಒಂದೇ, ನಾನು ಹಳಿ ಹಾಸಿದಾಗ ಅದಿನ್ನೂ ಬಂದಿರಲಿಲ್ಲ. ಗೇಜು ಸುಳ್ಳಾದರೂ ಸಿಗ್ನಲ್ ನಿಜವಿರಲಿ ಎಂದು ತೀರ್ಮಾನಿಸಿದೆ.

ಸಾಮಾನು ಸಿಗುತ್ತಿದ್ದದ್ದು ಎಸ್.ಪಿ. ರಸ್ತೆಯಲ್ಲಿ. ಡಯೋಡು, ಎಲ್‌ಇಡಿ, ಕನೆಕ್ಟರುಗಳು ಅಲ್ಲಿ. ರಿಲೇಗಳು, ಎಂದರೆ ಕರೆಂಟ್ ಬಂದಾಗ ತಾವೇ ಎಳೆದುಕೊಳ್ಳುವ ಸ್ವಿಚ್ಚುಗಳು, ಗುಜರಿ ಅಂಗಡಿಯಲ್ಲಿ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳನ್ನು ಕಳಚಿ ಎಲೆಕ್ಟ್ರಾನಿಕ್ ಮಾಡುತ್ತಿದ್ದ ಕಾಲವದು; 48 ವೋಲ್ಟಿನ ಗಟ್ಟಿಮುಟ್ಟಾದ ರಿಲೇಗಳು ತೂಕದ ಲೆಕ್ಕದಲ್ಲಿ ಬರುತ್ತಿದ್ದವು. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಶುರುವಾದ ಮಾಡೆಲ್ ರೈಲು ಸಂಘದ ಹುಡುಗರೂ ಟೆಲಿಫೋನ್ ಕಂಪನಿಯ ಬೇಡದ ಸಾಮಾನಿನಿಂದಲೇ ತಮ್ಮ ಸಿಗ್ನಲ್ ವ್ಯವಸ್ಥೆ ಕಟ್ಟಿದ್ದರೆಂದು ಆಮೇಲೆ ಓದಿದೆ. ಹಳಿಯ ಕೆಳಗೆ ತೆವಳಿ ರಿಲೇ ಜೋಡಿಸುತ್ತಿದ್ದ ಆ ಗುಂಪಿನಿಂದಲೇ ಕಂಪ್ಯೂಟರ್ ಲೋಕದ ಮೊದಲ ಹ್ಯಾಕರ್‌ಗಳು ಬಂದರು. ನಮ್ಮ ಮನೆಯಲ್ಲಿ ರಾತ್ರಿ ರಿಲೇಗಳ ಟಕಟಕ ಕೇಳಿ ಅಮ್ಮ, "ಇಲಿ ಸೇರಿಕೊಂಡಿದೆಯೇನೋ ನೋಡ್ರೋ" ಎನ್ನುತ್ತಿದ್ದರು.

ಸಿಗ್ನಲ್‌ಗಳ ವಿಷಯದಲ್ಲಿ ಅಪ್ಪನೇ ಇನ್ಸ್‌ಪೆಕ್ಟರ್. ನಿಲ್ದಾಣಕ್ಕೆ ಬರುವ ದಾರಿಯಲ್ಲಿ ಮೊದಲು ಡಿಸ್ಟಂಟ್. ಕಂಬದ ಮೇಲೆ ಪಿ ಅಕ್ಷರ. ಅದು ಎಂದೂ ಕೆಂಪು ತೋರಿಸುವುದಿಲ್ಲ. ಒಂದು ಹಳದಿ ಬಂದರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಲು ಸಿದ್ಧನಾಗು ಎಂದು. ಎರಡು ಹಳದಿ ಬಂದರೆ ಮುಂದಿನದನ್ನು ನಿಧಾನವಾಗಿ ದಾಟಲು ಸಿದ್ಧನಾಗು ಎಂದು. ಆಮೇಲೆ ನಿಲ್ದಾಣದ ಬಾಗಿಲು ಕಾಯುವ ಹೋಮ್. ರೈಲನ್ನು ಮೇನ್ ಲೈನಿನ ಪಕ್ಕದ ಹಳಿಗೆ, ಎಂದರೆ ಲೂಪ್ ಲೈನಿಗೆ ತಿರುಗಿಸಿದ್ದರೆ ಅದರ ನೆತ್ತಿಯ ಮೇಲೆ ಐದು ಬಿಳಿ ದೀಪಗಳ ಓರೆ ಸಾಲು. ನಿಲ್ದಾಣದಿಂದ ಹೊರಡುವ ಕಡೆ ಸ್ಟಾರ್ಟರ್, ಅದರಾಚೆ ಅಡ್ವಾನ್ಸ್ಡ್ ಸ್ಟಾರ್ಟರ್. ಆರು ಸೆಂಟಿಮೀಟರ್ ಎತ್ತರದ ಕಂಬದಲ್ಲಿ ಇಷ್ಟೂ ದೀಪ ಕೂರಿಸಬೇಕು. ಸಾಸಿವೆ ಕಾಳಿನಷ್ಟು ಎಲ್‌ಇಡಿಗೆ ಕೂದಲೆಳೆ ತಂತಿ ಬೆಸೆಯುವುದು ಭೂತಗನ್ನಡಿಯ ಕೆಲಸ. "ಹಳದಿ ಕಿತ್ತಳೆ ಆಗಿದೆ, ಬದಲಾಯ್ಸು" ಎಂದು ಅಪ್ಪ ಕೂತಲ್ಲಿಂದಲೇ ಹೇಳುವರು.

ದೂರಗಳ ಸಮಸ್ಯೆ ಬೇರೆ ತರಹದ್ದು. ನೂರು ಕಿಲೋಮೀಟರ್ ವೇಗದ ರೈಲು ಹಿತವಾಗಿ ನಿಲ್ಲಲು ಒಂದು ಕಿಲೋಮೀಟರ್ ಆದರೂ ಬೇಕೆಂದೇ ಡಿಸ್ಟಂಟನ್ನು ಅಷ್ಟು ಮುಂಚೆ ನಿಲ್ಲಿಸುವುದು. ಎಚ್‌ಒ ಅಳತೆಯಲ್ಲಿ ಒಂದು ಕಿಲೋಮೀಟರ್ ಎಂದರೆ ಹನ್ನೊಂದೂವರೆ ಮೀಟರ್. ನಮ್ಮ ಕೋಣೆಯ ಗೋಡೆ ಒಡೆದು ಪಕ್ಕದ ಮನೆಯವರ ಅಡುಗೆಮನೆಯಲ್ಲಿ ಕಂಬ ನೆಡಬೇಕಾದೀತು. ಹಾಗಾಗಿ ದೂರವನ್ನು ಕುಗ್ಗಿಸಿದೆ. ಇನ್ನೊಂದು ತೊಡಕೆಂದರೆ ಆಟಿಕೆ ಎಂಜಿನ್ನಿಗೆ ತೂಕವೇ ಇಲ್ಲ. ಕರೆಂಟ್ ತೆಗೆದರೆ ಇದ್ದಲ್ಲೇ ನಿಲ್ಲುತ್ತದೆ. ನಿಜದ ರೈಲು ಹಾಗೆ ನಿಲ್ಲುವುದಿಲ್ಲ, ನಿಲ್ಲಲಾರದು ಎಂಬ ಕಾರಣಕ್ಕೇ ಸಿಗ್ನಲ್ ಹುಟ್ಟಿದ್ದು. ಈ ಕೊರತೆ ತುಂಬಿದ್ದು ಡಿಸಿಸಿ ಎಂಬ ಡಿಜಿಟಲ್ ಪದ್ಧತಿ. ಜರ್ಮನಿಯ ಲೆಂಝ್ ಕಂಪನಿಯ ತಂತ್ರವನ್ನು ಆಧರಿಸಿ ಅಮೆರಿಕದ ಹವ್ಯಾಸಿಗಳ ಸಂಘ 1990ರ ದಶಕದಲ್ಲಿ ಅದಕ್ಕೊಂದು ಮಾನದಂಡ ಗೊತ್ತುಮಾಡಿತು. ಹಳಿಯಲ್ಲಿ ಸದಾ ಕರೆಂಟ್ ಇರುತ್ತದೆ, ಅದರ ಜೊತೆಗೇ ಪ್ರತಿ ಎಂಜಿನ್ನಿನ ವಿಳಾಸಕ್ಕೆ ಬೇರೆ ಬೇರೆ ಆಜ್ಞೆ ಹೋಗುತ್ತದೆ. ಎಂಜಿನ್ನೊಳಗಿನ ಡಿಕೋಡರಿನ 3ನೇ ಮನೆಯಲ್ಲಿ ವೇಗ ಏರುವ ಗತಿ, 4ನೇ ಮನೆಯಲ್ಲಿ ಇಳಿಯುವ ಗತಿ ಬರೆದಿಡಬಹುದು. ಇಲ್ಲದ ತೂಕವನ್ನು ಅಂಕಿಯಲ್ಲಿ ಬರೆದ ದಿನ ನಮ್ಮ ಗೂಡ್ಸ್ ಗಾಡಿ ರಾಮನಗರಕ್ಕೆ ಏದುಸಿರು ಬಿಡುತ್ತ ಬಂದು ನಿಂತಿತು.

ತಾನಾಗಿ ನಿಲ್ಲಿಸುವ ತಂತ್ರ ಆಶ್ಚರ್ಯ ಪಡುವಷ್ಟು ಸರಳ. ಸಿಗ್ನಲ್‌ನ ಹಿಂದಿನ ಹಳಿತುಂಡಿಗೆ ಹೋಗುವ ತಂತಿಯಲ್ಲಿ ಸಾಲಾಗಿ ಕೆಲವು ಡಯೋಡುಗಳು, ಅವಕ್ಕೆ ವಿರುದ್ಧ ದಿಕ್ಕಿನಲ್ಲಿ ಒಂದು. ಇದರಿಂದ ಹಳಿಯಲ್ಲಿ ಹರಿಯುವ ಡಿಜಿಟಲ್ ಅಲೆಯ ಒಂದು ಬದಿ ತುಸು ತಗ್ಗುತ್ತದೆ. ಆ ಅಸಮಾನತೆ ಕಂಡೊಡನೆ ಡಿಕೋಡರ್ ನಿಧಾನಿಸಿ ನಿಲ್ಲುತ್ತದೆ. ಸಿಗ್ನಲ್ ಹಸಿರಾದಾಗ ರಿಲೇ ಎಳೆದು ಡಯೋಡುಗಳನ್ನು ಬಳಸಿಕೊಂಡು ಹೋಗುವ ದಾರಿ ತೆರೆಯುತ್ತದೆ. ಕಂಪ್ಯೂಟರ್ ಕೆಟ್ಟರೂ, ರಿಲೇಯ ತಂತಿ ಕಿತ್ತುಬಂದರೂ ದಾರಿ ಮುಚ್ಚಿ ಡಯೋಡುಗಳು ತಡೆಯುತ್ತವೆ. ಹಸಿರಿಗೆ ಕರೆಂಟ್ ಬೇಕು, ಕೆಂಪಿಗೆ ಏನೂ ಬೇಡ.

ತೊಡಕಿದ್ದದ್ದು ಹಳಿ ಖಾಲಿಯೋ ಅಲ್ಲವೋ ಎಂದು ತಿಳಿಯುವುದರಲ್ಲಿ. ನಿಜದ ಟ್ರ್ಯಾಕ್ ಸರ್ಕ್ಯೂಟನ್ನು ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ರೂಪಿಸಿದ. ಅದರ ಜಾಣತನ ಇರುವುದು ಕರೆಂಟ್ ಯಾವಾಗ ಹರಿಯುತ್ತದೆ ಎಂಬುದರಲ್ಲಿ. ಹಳಿ ಖಾಲಿಯಿದ್ದಾಗ ಕಂಬಿಗಳ ಮೂಲಕ ಕರೆಂಟ್ ಹರಿದು ರಿಲೇಯನ್ನು ಎತ್ತಿ ಹಿಡಿದಿರುತ್ತದೆ. ರೈಲು ಬಂದರೆ ಅಚ್ಚುಗಳು ಎರಡು ಕಂಬಿಗಳನ್ನು ಕೂಡಿಸುತ್ತವೆ, ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಬ್ಯಾಟರಿ ಸತ್ತರೂ, ತಂತಿ ಕತ್ತರಿಸಿದರೂ, ಕಂಬಿಯೇ ಮುರಿದರೂ ರಿಲೇ ಬೀಳುತ್ತದೆ, ಕೆಂಪಾಗುತ್ತದೆ. ಮಾಡೆಲ್ ರೈಲುಗಳ ಸಾಮಾನ್ಯ ವ್ಯವಸ್ಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಎಂಜಿನ್ ಕರೆಂಟ್ ಎಳೆದರೆ ಮಾತ್ರ 'ರೈಲಿದೆ' ಎಂಬ ಸುದ್ದಿ ಬರುತ್ತದೆ. ತಂತಿ ಕಿತ್ತುಹೋದರೆ ಸುದ್ದಿಯಿಲ್ಲ. ಸುದ್ದಿಯಿಲ್ಲದಿದ್ದರೆ ಹಳಿ ಖಾಲಿ ಎಂದು ಅದರ ಅರ್ಥ! ಮಾವನ ಮೆರ್ಕ್ಲಿನ್ ಹಳಿತುಂಡಿಗೂ ಇದೇ ದೋಷವಿತ್ತು. ಎರಡು ಕಂಬಿಯ ಪದ್ಧತಿಯಲ್ಲಿ ಇನ್ನೊಂದು ಕಷ್ಟ: ಚಕ್ರಗಳು ಒಂದಕ್ಕೊಂದು ತಾಗದಂತೆ ಇರುವುದರಿಂದ ಬೋಗಿಗಳು ಕರೆಂಟ್ ಎಳೆಯುವುದೇ ಇಲ್ಲ. ಕೊಂಡಿ ಕಳಚಿ ಹಿಂದೆ ಉಳಿದ ಬೋಗಿಯನ್ನು ವ್ಯವಸ್ಥೆ ಕಾಣದು. ಅದಕ್ಕೇ ಬೋಗಿಗಳ ಅಚ್ಚಿಗೆ ಸಣ್ಣ ರೆಸಿಸ್ಟರ್ ಅಂಟಿಸುತ್ತಾರೆ.

ನಾನು ಎರಡು ಸಾಕ್ಷಿ ಇಟ್ಟೆ. ಒಂದು, ಕರೆಂಟಿನ ಸಾಕ್ಷಿ. ಇನ್ನೊಂದು, ಸೆಕ್ಷನ್ನಿನ ಎರಡು ತುದಿಗಳಲ್ಲಿ ಇನ್‌ಫ್ರಾರೆಡ್ ಕಿರಣದಿಂದ ಅಚ್ಚು ಎಣಿಸುವ ಸಾಧನ. ಒಳಹೋದ ಅಚ್ಚುಗಳೆಲ್ಲ ಹೊರಬಂದರೆ ಮಾತ್ರ ಹಳಿ ಖಾಲಿ. ಭಾರತೀಯ ರೈಲ್ವೆಯಲ್ಲೂ ಆಕ್ಸಲ್ ಕೌಂಟರ್ ಎಂದು ಇದೇ ಕೆಲಸ ಮಾಡುವ ಯಂತ್ರಗಳಿವೆ. ಎರಡು ಸಾಕ್ಷಿಗಳೂ ಖಾಲಿ ಎಂದರೆ ಹಸಿರು. ಒಂದು ಹೌದು, ಒಂದು ಅಲ್ಲ ಎಂದರೆ ಕೆಂಪು. ಯಾವುದಾದರೂ ಸಾಕ್ಷಿ ಸುಮ್ಮನಾದರೂ ಕೆಂಪು.

ಇದರ ಪರೀಕ್ಷೆ ನಡೆಯುತ್ತಿದ್ದದ್ದು ಕರೆಂಟ್ ಹೋದಾಗ. ಮಳೆಗಾಲದ ಸಂಜೆ, ಯಡಿಯೂರು ಕೆರೆಯ ಕಡೆಯಿಂದ ಗಾಳಿ ಎದ್ದರೆ ಬೀದಿ ಕತ್ತಲಾಗುತ್ತಿತ್ತು. ಮತ್ತೆ ಕರೆಂಟ್ ಬಂದಾಗ ಎಣಿಕೆಯ ಯಂತ್ರಕ್ಕೆ ನೆನಪು ಅಳಿಸಿರುತ್ತಿತ್ತು. ಆಗ ಇಡೀ ಮಾರ್ಗ, ಎಲ್ಲ ಸಿಗ್ನಲ್ ಕೆಂಪು. ಗಣೇಶನನ್ನು ಬಿಡಲು ಕೆರೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ನುಗ್ಗಿದ ಮಕ್ಕಳ ಗುಂಪು ಒಮ್ಮೆ ಹಾಗೆ ಕಾಯುತ್ತ ನಿಂತಿತ್ತು. ಹುಡುಗನೊಬ್ಬ ತಾಳ್ಮೆಗೆಟ್ಟು, "ತಾತ, ಮುಂದೆ ಏನೂ ಇಲ್ವಲ್ಲ, ಯಾಕೆ ಬಿಡಲ್ಲ?" ಎಂದ.

ಅಪ್ಪ ಹೇಳಿದರು: "ನಿನಗೆ ಕಾಣ್ತಿದೆ ಪುಟ್ಟಾ, ಅದಕ್ಕೆ ಕಾಣಲ್ಲ. ಗೊತ್ತಿಲ್ಲದಿದ್ರೆ ಕೆಂಪು. ನೀನು ಒಂದು ಸುತ್ತು ನೋಡ್ಕೊಂಡು ಬಂದು ನನಗೆ ಹೇಳು, ಆಮೇಲೆ ಬಿಡೋಣ."

ಹುಡುಗ ಬಗ್ಗಿ, ಸುರಂಗದೊಳಗೆ ಟಾರ್ಚ್ ಬಿಟ್ಟು, ಒಂದೊಂದು ಸೆಕ್ಷನ್ನನ್ನೂ ನೋಡಿ ಬಂದ. ಅಪ್ಪ ರಿಸೆಟ್ ಗುಂಡಿ ಒತ್ತಿದರು. ನಿಜದ ನಿಲ್ದಾಣಗಳಲ್ಲೂ ಆಕ್ಸಲ್ ಕೌಂಟರ್ ರಿಸೆಟ್ ಮಾಡುವ ಮುನ್ನ ಹಳಿ ಖಾಲಿಯಿದೆ ಎಂದು ಖಚಿತ ಮಾಡಿಕೊಳ್ಳಲೇಬೇಕು. ದೀಪ ಆರಿದ ಸಿಗ್ನಲ್ಲನ್ನು ಡ್ರೈವರ್ ಅತಿ ಕಟ್ಟುನಿಟ್ಟಾದ ಸೂಚನೆಯೆಂದೇ ಭಾವಿಸಬೇಕೆಂಬ ನಿಯಮವೂ ಇದೇ ಜಾತಿಯದು.

ರಿಲೇಗಳ ಮೇಲೆ ಕಂಪ್ಯೂಟರ್ ಬಂದ ಮೇಲೆ ಕೆಲಸ ಹಗುರಾಯಿತು, ವಾದ ಹೆಚ್ಚಾಯಿತು. ನಾನು ಬಳಸಿದ್ದು ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶ. ಅದನ್ನು ಶುರುಮಾಡಿದವರು ಬಾಬ್ ಜೇಕಬ್‌ಸನ್ ಎಂಬ ಅಮೆರಿಕದ ಭೌತವಿಜ್ಞಾನಿ. ಮುಕ್ತ ತಂತ್ರಾಂಶದ ಪರವಾನಗಿಯ ಷರತ್ತು ಮುರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಾಗಬಹುದು ಎಂದು 2008ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಈ ಆಟಿಕೆ ರೈಲಿನ ತಂತ್ರಾಂಶದ ಮೊಕದ್ದಮೆಯಲ್ಲೇ. ಬೆಂಗಳೂರಿನ ಸಾಫ್ಟ್‌ವೇರಿನವರಲ್ಲಿ ಎಷ್ಟು ಜನರಿಗೆ ಇದು ಗೊತ್ತೋ!

ಯಾವ ಸ್ಥಿತಿಯಲ್ಲಿ ಯಾವ ಸಿಗ್ನಲ್ ಏನು ತೋರಬೇಕೆಂದು ನಾನು ಬರೆಯುತ್ತಾ ಹೋದೆ. ಅಪ್ಪ ಪಕ್ಕದಲ್ಲಿ ಕೂತು ಕೇಳುತ್ತಿದ್ದರು. "ಪಾಯಿಂಟ್ ತಿರುಗಿಸು ಅಂತ ಹೇಳ್ದೆ. ತಿರುಗ್ತಾ?" ಎಂದು ಒಮ್ಮೆ ಕೇಳಿದರು. ಆಜ್ಞೆ ಕೊಟ್ಟಾಯಿತು ಎಂದೆ. "ಆಜ್ಞೆ ಕೊಟ್ಟಿದ್ದು ಬೇರೆ, ಕೆಲಸ ಆಗಿದ್ದು ಬೇರೆ. ನಮ್ಮಲ್ಲಿ ಪಾಯಿಂಟ್ ಸೆಟ್ ಆಗಿ, ಲಾಕ್ ಆಗಿ, ಡಿಟೆಕ್ಷನ್ ಬರೋವರೆಗೂ ಸಿಗ್ನಲ್ ಕೊಡಕ್ಕಾಗಲ್ಲ." ಅದರಂತೆ ಹಳಿ ಕವಲೊಡೆಯುವ ಪ್ರತಿ ಪಾಯಿಂಟಿನ ನಾಲಿಗೆಗೇ ಪುಟ್ಟ ಸ್ವಿಚ್ ಕಟ್ಟಿದೆವು. ನಾಲಿಗೆ ಪೂರ್ತಿ ಕೂತು ತಾನೇ ವರದಿ ಕೊಟ್ಟರೆ ಮುಂದಿನ ಮಾತು. ಎರಡು ನಿಲ್ದಾಣಗಳ ಪ್ರೋಗ್ರಾಂಗಳು ಲೈನ್ ಕ್ಲಿಯರ್ ಕೇಳಿ ಕೊಡುವಾಗ ಒಂದು ಅಂಕಿ ಕಳಿಸಿ ಅದನ್ನೇ ಮರಳಿ ಪಡೆಯುವ ಏರ್ಪಾಡು ಮಾಡಿದೆ. ಅಪ್ಪ ನಕ್ಕು, "ಪ್ರೈವೇಟ್ ನಂಬರು!" ಎಂದರು. ಸರ್ಕಾರಿ ಕಟ್ಟಳೆಯೆಂದು ಬಾಲ್ಯದಲ್ಲಿ ನಾನು ತಳ್ಳಿಹಾಕಿದ್ದ ಒಂದೊಂದನ್ನೂ ಪ್ರೋಗ್ರಾಂ ಕೇಳಿ ಕೇಳಿ ಬರೆಸಿಕೊಂಡಿತು. ಸ್ವಯಂಚಾಲನೆ ಎಂದರೆ ಮನುಷ್ಯನನ್ನು ತೆಗೆದುಹಾಕುವುದೆಂದು ಜನ ತಿಳಿದಿದ್ದಾರೆ. ನಾನು ಕಂಡಂತೆ ಅದು ಒಳ್ಳೆಯ ಸ್ಟೇಷನ್ ಮಾಸ್ಟರ್ ಒಬ್ಬನ ಅನುಮಾನಗಳನ್ನು ಬರೆದಿಡುವ ಕೆಲಸ.

2017ರ ಜೂನ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಯಲಚೇನಹಳ್ಳಿಯವರೆಗೆ ಬಂತು. ಜಯನಗರ ನಿಲ್ದಾಣದಿಂದ ಅಪ್ಪನನ್ನು ಹತ್ತಿಸಿಕೊಂಡು ಹೋದೆ. ಕಿಟಕಿಗೆ ಮುಖ ಒತ್ತಿ ಕೂತವರು, "ಸಿಗ್ನಲ್ ಕಂಬಗಳೇ ಕಾಣಿಸಲ್ವಲ್ಲೋ" ಎಂದರು. ಎಲ್ಲಿಯವರೆಗೆ ಹೋಗಬಹುದು, ಎಷ್ಟು ವೇಗದಲ್ಲಿ ಹೋಗಬಹುದು ಎಂಬುದು ಚಾಲಕನ ಮುಂದಿನ ಪರದೆಗೇ ಬರುತ್ತದೆ, ಮೀರಿದರೆ ಬ್ರೇಕ್ ತಾನೇ ಬೀಳುತ್ತದೆ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಟೋಕನ್ನು ಗಾಡಿ ಒಳಗೇ ಬಂದಿದೆ" ಎಂದರು. ಅದಕ್ಕಿಂತ ಚೆನ್ನಾಗಿ ಹೇಳಿದ ಪಠ್ಯಪುಸ್ತಕವನ್ನು ನಾನು ಓದಿಲ್ಲ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆದಾಗ ಅಪ್ಪ ಇರಲಿಲ್ಲ. ಅಲ್ಲಿ ರೇಡಿಯೋ ಆಧಾರಿತ ಸಿಬಿಟಿಸಿ ವ್ಯವಸ್ಥೆಯಿದೆ. ರೈಲು ತಾನಿರುವ ಜಾಗವನ್ನು ಸತತವಾಗಿ ತಿಳಿಸುತ್ತಲೇ ಇರುತ್ತದೆ.

ದೊಡ್ಡ ರೈಲ್ವೆಯಲ್ಲಿ, ಮಿತಿ ಮೀರಿದ ರೈಲನ್ನು ತಾನೇ ತಡೆಯುವ ಇದೇ ಕೆಲಸಕ್ಕೆ ಬಂದದ್ದು 'ಕವಚ್'. ಅದರ ಮೊದಲ ಪ್ರಯೋಗಗಳು ನಡೆದ ದಕ್ಷಿಣ ಮಧ್ಯ ರೈಲ್ವೆಯ ಭಾಗದಲ್ಲಿ ನಮ್ಮ ವಾಡಿ, ಬೀದರ್ ಸೇರಿವೆ. 2020ರಲ್ಲಿ ಅದನ್ನು ದೇಶದ ಸ್ವಯಂಚಾಲಿತ ರೈಲು ರಕ್ಷಣಾ ವ್ಯವಸ್ಥೆಯೆಂದು ಒಪ್ಪಿದರು. 2022ರ ಮಾರ್ಚ್ 4ರಂದು ತೆಲಂಗಾಣದಲ್ಲಿ ರೈಲ್ವೆ ಸಚಿವರು ಕೂತಿದ್ದ ಎಂಜಿನ್ನನ್ನು ಎದುರಿನ ಎಂಜಿನ್ನಿಗೆ 380 ಮೀಟರ್ ದೂರದಲ್ಲಿ ಅದು ತಾನಾಗಿ ನಿಲ್ಲಿಸಿ ತೋರಿಸಿತು.

ಮರುವರ್ಷ, 2023ರ ಜೂನ್ 2ರ ಸಂಜೆ, ಒಡಿಶಾದ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ನುಗ್ಗಿ, ನಿಂತಿದ್ದ ಗೂಡ್ಸ್ ಗಾಡಿಗೆ ಬಡಿಯಿತು. ಉರುಳಿದ ಬೋಗಿಗಳು ನಮ್ಮ ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲಿನ ಹಿಂಭಾಗಕ್ಕೆ ತಾಗಿದವು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಹಸಿರಿತ್ತು, ಅದು ತೋರಿಸಿದ್ದು ಮೇನ್ ಲೈನನ್ನು. ಪಾಯಿಂಟ್ ತಿರುಗಿದ್ದದ್ದು ಲೂಪಿನ ಕಡೆಗೆ. ಸಿಗ್ನಲ್ ಸರ್ಕ್ಯೂಟಿನಲ್ಲಿ ಮಾಡಿದ ಬದಲಾವಣೆಗಳಲ್ಲಿ ಲೋಪವಿತ್ತೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು. ಅಪಘಾತವಾದ ವಾರ ನೆರೆಯವರು ಬಂದು, ಇದು ಹೇಗೆ ಸಾಧ್ಯ ಎಂದು ಕೇಳಿದರು. ರಾಮನಗರದ ಒಂದು ಪಾಯಿಂಟಿನ ನಾಲಿಗೆಯಿಂದ ಬರುವ ಎರಡು ತಂತಿಗಳನ್ನು ಅದಲುಬದಲು ಮಾಡಿ ತೋರಿಸಿದೆ. ಪಾಯಿಂಟ್ ಲೂಪಿನ ಕಡೆಗಿತ್ತು. ಪರದೆಯ ಮೇಲೆ ಮೇನ್ ಲೈನ್ ಎಂದು ಬಂತು. ಹೋಮ್ ಸಿಗ್ನಲ್ ಹಸಿರಾಯಿತು. ಗೊತ್ತಿಲ್ಲ ಎನ್ನುವ ಯಂತ್ರ ರೈಲನ್ನು ತಡಮಾಡೀತು, ಅಷ್ಟೆ. ತಪ್ಪು ತಿಳಿದುಕೊಂಡು ಗೊತ್ತು ಎನ್ನುವ ಯಂತ್ರ ಕೊಲ್ಲುತ್ತದೆ. ಅದಕ್ಕೇ ಒಂದು ತಂತಿ ಮುಟ್ಟಿದರೂ ಪೂರ್ತಿ ಪರೀಕ್ಷೆ ಮಾಡದೆ ಮಾರ್ಗ ಬಿಟ್ಟುಕೊಡಬಾರದೆಂದು ಈ ಕೆಲಸದ ಹಿರಿಯರು ಹಟ ಹಿಡಿಯುವುದು.

ಮಾಡೆಲ್ ರೈಲು ಮಾಡಬೇಕೆಂದು ಈಗ ಎಳೆಯರು ಬಂದು ಕೇಳುತ್ತಾರೆ. ಯಾವ ಎಂಜಿನ್ ಕೊಳ್ಳಲಿ ಎಂಬುದು ಅವರ ಮೊದಲ ಪ್ರಶ್ನೆ. ಪುಣೆಯ ಕೋಥರೂಡ್‌ನಲ್ಲಿರುವ ಜೋಶಿಯವರ ಪುಟಾಣಿ ರೈಲು ವಸ್ತುಸಂಗ್ರಹಾಲಯವನ್ನು ಒಮ್ಮೆ ನೋಡಿ ಬನ್ನಿ, ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಹಳೆಯ ಸಾಮಗ್ರಿಗಳ ಮುಂದೆ ನಿಧಾನವಾಗಿ ನಿಲ್ಲಿ ಎನ್ನುತ್ತೇನೆ. ಎಂಜಿನ್ ಆಮೇಲೆ ಕೊಳ್ಳಬಹುದು. ಮೊದಲು ಒಂದು ಮೀಟರ್ ಹಳಿ, ಒಂದು ರಿಲೇ, ಒಂದು ಕೆಂಪು, ಒಂದು ಹಸಿರು ದೀಪ ತನ್ನಿ. ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತರೂ ಕೆಂಪೇ ಬರುವಂತಾದ ದಿನ ರೈಲು ತನ್ನಿ. ಅಲ್ಲಿಯವರೆಗೆ ನಿಮ್ಮಲ್ಲಿರುವುದು ಆಟಿಕೆ. ಆಮೇಲೆ ಅದು ರೈಲ್ವೆ.